ಹತ್ತೊಂಬತ್ತು ಜನಕ್ಕೆ ಕಳಿಸಿದ ಪುಟ

ಜೂನ್ 3

ನಾದಿನಿ ಮಹಾರಾಣಿಯವರಿಗೆ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ನನ್ನ ಫಜೀತಿ ಕೇಳು. ಫೋನ್ ಮಾಡದೆ ಕಾಗದ ಯಾಕೆ ಬರೆದಳು ಅಂದುಕೊಳ್ಳಬೇಡ. ಮೂವತ್ತು ವರ್ಷ ಮಶೀನಿನ ಪಕ್ಕ ಕೂತು ನನ್ನ ಕಿವಿ ಏನಾಗಿದೆ ಎನ್ನುವುದು ನಿನಗೆ ಗೊತ್ತೇ ಇದೆ. ಮೆಸೇಜ್ ಕಳಿಸೋಣವೆಂದರೆ, ಯಾರ ಮೇಲೆ ದೂರಬೇಕೋ ಅವರ ಕೈಯಲ್ಲೇ ದೂರಿನ ಚೀಟಿ ಕೊಟ್ಟು ಕಳಿಸಿದ ಹಾಗಾಗುತ್ತದೆ. ಫೋನನ್ನು ಆಫ್ ಮಾಡಿ ದಾರದುಂಡೆಗಳ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ.

ಅಳತೆ ಪುಸ್ತಕದ ಹಾಳೆಗಳು ಉದುರುತ್ತಿವೆ ಎಂದು ನಾನು ಗೋಳಾಡಿದಾಗ ನೀನೇ ಒಂದು ಆ್ಯಪಿನ ಹೆಸರು ಕಳಿಸಿದ್ದೆ. ಹಾಳೆಯ ಫೋಟೋ ತೆಗೆದರೆ ಸಾಕು, ಪುಸ್ತಕದ ಹಾಗೆ ಜೋಡಿಸಿ ಇಡುತ್ತದೆ ಅಂದೆ. ಎರಡು ಭಾನುವಾರ ಕೂತು ಇನ್ನೂರ ಹನ್ನೆರಡು ಪುಟಗಳನ್ನೂ ಅದಕ್ಕೆ ತುಂಬಿದೆ. ಅಚ್ಚುಕಟ್ಟಾಗಿ ಕೂತವು. ನಿನ್ನನ್ನು ಮನಸ್ಸಿನಲ್ಲೇ ಹೊಗಳಿಯೂ ಬಿಟ್ಟೆ.

ನನ್ನ ಪದ್ಧತಿ ನಿನಗೆ ಗೊತ್ತು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಗಿರಾಕಿಗೆ ಅವಳ ಪುಟ ತೋರಿಸಬೇಕು, ಅವಳು ಹೂಂ ಅನ್ನಬೇಕು. ಪುಸ್ತಕದಲ್ಲಾದರೆ ಎದುರಿನ ಪುಟದ ಮೇಲೆ ಒಂದು ತುಂಡು ಬಟ್ಟೆ ಹಾಕಿ ತೋರಿಸುತ್ತಿದ್ದೆ. ಅವಳದ್ದು ಅವಳು ನೋಡಲಿ, ಇನ್ನೊಬ್ಬಳದ್ದು ಯಾಕೆ? ಆ್ಯಪಿನಲ್ಲಿ ಅದೇ ಕೆಲಸ ಇನ್ನೂ ಸುಲಭವಾಯಿತು. ಅವಳ ಪುಟ ತೆರೆದು ‘ಕಳಿಸು’ ಒತ್ತಿದರೆ ಒಂದು ಲಿಂಕ್ ಹೋಗುತ್ತಿತ್ತು. ಹೀಗೆ ಹತ್ತೊಂಬತ್ತು ಜನಕ್ಕೆ ಕಳಿಸಿದೆ. ನಿನಗೂ ಬಂದಿತ್ತಲ್ಲ, ನೀನು ಹೆಬ್ಬೆರಳೆತ್ತಿ ತೋರಿಸಿದ್ದೆ.

ನಿನ್ನೆ ಎದುರಿನ ಗುಂಡಿ ಅಂಗಡಿಯಾಕೆ ಓಡಿಬಂದಳು. “ಟೈಲರಕ್ಕಾ, ನನ್ನ ಅಳತೆ ನೋಡಿ, ಹಂಗೇ ಬೆರಳಾಡಿಸಿದ್ರೆ ಪಕ್ಕದ ಬೀದಿ ನರ್ಸಮ್ಮನ ಸೊಂಟ ಬಂತು. ಇನ್ನೊಂಚೂರು ತಳ್ಳಿದ್ರೆ ಊರಿಗೂರೇ ಬರ್ತಿದೆ!” ಎಂದಳು. ಅವಳ ಫೋನಿನಲ್ಲಿ ಸಾಲುಸಾಲಾಗಿ ನನ್ನದೇ ಕೈಬರಹ!

ನಾನು ಒತ್ತಿದ್ದು ಒಂದು ಪುಟದ ಮೇಲೆ. ಪುಸ್ತಕ ಹೇಗೆ ಹೋಯಿತು? ಹೋದದ್ದು ಎಲ್ಲಿದೆ? ನನ್ನ ಫೋನಿನಲ್ಲೋ, ಅವಳ ಫೋನಿನಲ್ಲೋ, ಎರಡರ ನಡುವೆ ಎಲ್ಲೋ? ನಿನ್ನ ಅಣ್ಣನನ್ನು ಕೇಳಿದರೆ, “ಒಂದಿನ ಆಫ್ ಮಾಡಿಡು, ತಣ್ಣಗಾದ್ಮೇಲೆ ಸರಿಹೋಗತ್ತೆ” ಅಂತಾನೆ. ಬಸ್ ಡ್ರೈವರಿಗೆ ಲೋಕವೆಲ್ಲ ಇಂಜಿನ್ನು. ನೀನು ಲೈಬ್ರರಿಯಲ್ಲಿ ದಿನವೂ ಕಂಪ್ಯೂಟರಿನ ಮುಂದೆ ಕೂರುವವಳು. ಏನು ಮಾಡಬೇಕು, ಬಿಡಿಸಿ ಬರೆ.

ಅತ್ತಿಗೆ


ಜೂನ್ 8

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಕೈ ಸೇರಿತು. ಓದಿ ಮೊದಲು ನಕ್ಕೆ, ಕ್ಷಮಿಸಿ. ಇಲಿ ಬಂತು ಅಂದರೆ ಹುಲಿ ಬಂತು ಅನ್ನುವವರು ನೀವು. ಊರಿನವರ ಸೊಂಟದ ಸುತ್ತಳತೆ ತೆಗೆದುಕೊಂಡು ಯಾರು ಏನು ಮಾಡುತ್ತಾರೆ? ಬೇರೆ ಟೈಲರ್ ಯಾರಾದರೂ ನಿಮ್ಮ ಗಿರಾಕಿಗಳನ್ನು ಎಳೆದುಕೊಳ್ಳುತ್ತಾರೆ ಎಂಬ ಭಯವೇ? ಅಳತೆ ಸಿಕ್ಕರೂ ನಿಮ್ಮ ಕೈ ಸಿಗಬೇಕಲ್ಲ!

ದಾರಿ ಸುಲಭವಿದೆ. ಆ ಆ್ಯಪನ್ನೇ ಫೋನಿನಿಂದ ಅಳಿಸಿಬಿಡಿ. ಅದರ ಚಿತ್ರದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ, ‘ತೆಗೆದುಹಾಕು’ ಎಂದು ಬರುತ್ತದೆ, ಒತ್ತಿ. ಬೇರು ಕಿತ್ತ ಮೇಲೆ ಬಳ್ಳಿ ತಾನೇ ಒಣಗುತ್ತದೆ. ಧೈರ್ಯವಾಗಿರಿ.

ಆ್ಯಪ್ ಒಳ್ಳೆಯದೇ. ನಾನು ನೋಡಿಯೇ ಹೇಳಿದ್ದು. ನಾಲ್ಕೂವರೆ ನಕ್ಷತ್ರ ಇತ್ತು.

ಅಣ್ಣನಿಗೆ ಹೇಳಿ, ಬಸ್ಸಿನ ವೈದ್ಯ ಫೋನಿಗೆ ಬೇಡ.

ನಿಮ್ಮ ನಾದಿನಿ


ಜೂನ್ 13

ನಾದಿನಿಗೆ,

ನೀನು ಹೇಳಿದ ಹಾಗೆ ಮಾಡಿದೆ. ಡಬ್ಬಿಯಿಂದ ಫೋನ್ ತೆಗೆದು, ಆ್ಯಪಿನ ಮೇಲೆ ಬೆರಳಿಟ್ಟು ಹಿಡಿದೆ. ಅಳಿಸಲೇ ಎಂದು ಕೇಳಿತು. ಅಳಿಸು ಅಂದೆ. ಮಾಯವಾಯಿತು. ಹನ್ನೊಂದು ದಿನದ ಮೇಲೆ ಇವತ್ತು ಊಟ ರುಚಿ ಹತ್ತಿತು. ನಿನ್ನ ಅಣ್ಣನ ಮುಂದೆ ನಿನ್ನನ್ನು ಆಕಾಶಕ್ಕೆ ಏರಿಸಿದ್ದೇನೆ.

ಬೇರೆ ಟೈಲರಿನ ಭಯ ನನಗಿಲ್ಲ. ಅಳತೆಯ ಭಯವೂ ಅಲ್ಲ. ಅದು ಬೇರೆ ಮಾತು, ಹೋಗಲಿ ಬಿಡು.

ಜೂನ್ 14. ಕಾಗದ ಅಂಚೆಗೆ ಹಾಕುವ ಮುಂಚೆ ಇದನ್ನೂ ಸೇರಿಸುತ್ತಿದ್ದೇನೆ. ಮುಗಿಯಿತು ಎಂದು ಹೇಳೋಣವೆಂದು ಗುಂಡಿ ಅಂಗಡಿಗೆ ಹೋದೆ. ಆಕೆ ಸುಮ್ಮನೆ ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ಇನ್ನೂರ ಹನ್ನೆರಡು ಪುಟವೂ ಇದೆ! ನನ್ನ ಫೋನಿನಲ್ಲಿ ಇಲ್ಲದ್ದು ಅವಳ ಫೋನಿನಲ್ಲಿ ಹೇಗಿದೆ? “ನೀವೇ ನೋಡ್ಕೊಂಡ್ರೆ ನಿಮಗೆ ಕಾಣಲ್ಲ, ನಾವು ನೋಡಿದ್ರೆ ಕಾಣತ್ತೆ. ಬೆನ್ನು ಥರ” ಎಂದಳು. ಅವಳಿಗೆ ತಮಾಷೆ.

ಇದು ಯಾವ ಸೀಮೆ ಬೇರು, ಯಾವ ಸೀಮೆ ಬಳ್ಳಿ? ನನಗೆ ತಲೆಬುಡ ಅರ್ಥವಾಗುತ್ತಿಲ್ಲ.

ಅತ್ತಿಗೆ


ಜೂನ್ 14

ಅತ್ತಿಗೆ,

ತುರ್ತು. ಈ ಕಾಗದ ಮೊದಲು ಓದಿ. ಆ್ಯಪನ್ನು ಇನ್ನೂ ಅಳಿಸಿಲ್ಲದಿದ್ದರೆ ದಯವಿಟ್ಟು ಅಳಿಸಬೇಡಿ.

ಲೈಬ್ರರಿಯಲ್ಲಿ ಪ್ರತಿ ಶನಿವಾರ ಕಂಪ್ಯೂಟರ್ ಪಾಠ ಹೇಳುವ ಮೇಡಂ ಒಬ್ಬರಿದ್ದಾರೆ. ಹೆಸರು ಹೇಳದೆ, ‘ನನ್ನ ಗೆಳತಿಯ ಕಥೆ’ ಎಂದು ನಿಮ್ಮ ವಿಷಯ ಕೇಳಿದೆ. ಅವರು ಕೈಯಲ್ಲಿದ್ದ ಬಳಪ ಕೆಳಗಿಟ್ಟರು. “ಅಳಿಸು ಅಂತ ಯಾರ್ರೀ ಹೇಳಿದ್ದು?” ಅಂದರು. ನಾನು, “ಯಾರೋ ತಿಳಿದೋರು” ಅಂದೆ. “ತಿಳಿದೋರಲ್ಲ, ತಿಳಿದಂಗೆ ನಟಿಸೋರು” ಅಂದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ?

ಅವರು ಹೇಳಿದ್ದು ಇದು. ಫೋನಿನಲ್ಲಿರುವ ಆ್ಯಪ್ ಬರೀ ಬಾಗಿಲು. ಪುಟಗಳು ಇರುವುದು ಆ ಕಂಪನಿಯವರ ಕಂಪ್ಯೂಟರಿನಲ್ಲಿ, ಎಲ್ಲೋ ದೂರದಲ್ಲಿ. ಬಾಗಿಲು ಕಿತ್ತರೆ ನಾವು ಒಳಗೆ ಹೋಗಲಾಗುವುದಿಲ್ಲ ಅಷ್ಟೇ, ಸಾಮಾನು ಅಲ್ಲೇ ಇರುತ್ತದೆ. ಮೊದಲು ಒಳಗೆ ಹೋಗಿ ಹಂಚಿಕೆ ನಿಲ್ಲಿಸಬೇಕು, ಆಮೇಲೆ ಪುಟಗಳನ್ನು ಅಳಿಸಬೇಕು, ಕಸದಬುಟ್ಟಿಗೆ ಹೋದದ್ದನ್ನೂ ಖಾಲಿ ಮಾಡಬೇಕು, ಕೊನೆಗೆ ಖಾತೆಯನ್ನೇ ಮುಚ್ಚಬೇಕು. ಆ್ಯಪಿಗೆ ಕೈ ಹಾಕುವುದು ಎಲ್ಲ ಆದ ಮೇಲೆ.

ಇನ್ನೊಂದು ಮಾತು ಕೇಳಿದರು. “ಶುರು ಮಾಡುವಾಗ ಏನೇನಕ್ಕೆ ಒಪ್ಪಿಗೆ ಕೇಳಿತ್ತು?” ಎಂದು. ನೆನಪಿದೆಯೇ? ಫೋಟೋ ತೆಗೆಯಲು ಕ್ಯಾಮೆರಾ ಬೇಕು, ಸರಿ. ನಿಮ್ಮ ಪರಿಚಯದವರ ನಂಬರ್ ಪಟ್ಟಿಯನ್ನೂ ಕೇಳಿತ್ತೇ? ನೀವಿರುವ ಜಾಗವನ್ನೂ? “ಹಾಳೆ ಜೋಡಿಸೋನಿಗೆ ನಿಮ್ಮ ನೆಂಟರ ಪಟ್ಟಿ ಯಾಕೆ? ಅದನ್ನ ಕೇಳಿದ ತಕ್ಷಣ ಹೊರಗೆ ಕಳಿಸ್ಬೇಕು” ಎಂದರು.

ಅತ್ತಿಗೆ, ಅಳಿಸಿಲ್ಲ ತಾನೇ?

ನಾದಿನಿ


ಜೂನ್ 19

ಅಮ್ಮಾ ತಾಯಿ,

ನಿನ್ನ ‘ಅಳಿಸಬೇಡಿ’ ನಿನ್ನೆ ಬಂತು. ‘ಅಳಿಸಿ’ ಬಂದು ಅಳಿಸಿ ಆರು ದಿನವಾಗಿದೆ. ನಿನ್ನ ಮೊದಲ ಕಾಗದ ನಂಬಲೇ, ಎರಡನೆಯದೇ? ಮೂರನೆಯದು ಬಂದು ‘ಮತ್ತೆ ಹಾಕಿ’ ಅನ್ನುತ್ತದೆಯೋ ಏನೋ.

ಒಪ್ಪಿಗೆ ಕೇಳಿತ್ತು. ಒಂದಾದ ಮೇಲೊಂದು ಚೀಟಿ ಬಂತು. ಗಿರಾಕಿ ಎದುರು ನಿಂತಿದ್ದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಎಲ್ಲಕ್ಕೂ ಹೂಂ ಹೂಂ ಹೂಂ ಅಂತ ಒತ್ತಿದೆ. ಏನಕ್ಕೆ ಹೂಂ ಅಂದೆ ಎಂದು ದೇವರಾಣೆಗೂ ಗೊತ್ತಿಲ್ಲ. ಅರ್ಧ ಅಂಗುಲ ಬಟ್ಟೆಗೆ ಮೂರು ಸಲ ಟೇಪು ಹಿಡಿಯುವ ನಾನು, ಇದನ್ನು ಒಂದು ಸಲವೂ ಓದಲಿಲ್ಲ.

ಈಗ ಹೇಳಿಬಿಡುತ್ತೇನೆ. ಅಳತೆಯಲ್ಲ ನನ್ನ ಭಯ. ಅಳತೆಯ ಪಕ್ಕದಲ್ಲಿ ನಾನು ಒಂದು ಸಾಲು ಬರೆದುಕೊಳ್ಳುತ್ತೇನೆ. ಹೊಲಿಯುವಾಗ ಮರೆಯಬಾರದಲ್ಲ. ಒಬ್ಬಳ ಭುಜ ಇಳಿದಿರುತ್ತದೆ. ಒಬ್ಬಳಿಗೆ ನಾಲ್ಕು ತಿಂಗಳು, ಮನೆಯಲ್ಲಿ ಇನ್ನೂ ಹೇಳಿರುವುದಿಲ್ಲ, ಹೊಟ್ಟೆಯ ಹತ್ತಿರ ಸಡಿಲ ಬಿಡಬೇಕು. ಅಂಗಡಿಯ ಪರದೆಯ ಹಿಂದೆ ನನಗೊಬ್ಬಳಿಗೇ ಹೇಳಿದ ಮಾತುಗಳು ಅವು. ನಿನ್ನ ಅಣ್ಣನಿಗೂ ಹೇಳಿದವಳಲ್ಲ ನಾನು.

ಅದರಲ್ಲಿ ಒಂದು ಪುಟವಿದೆ. ಯಾರದ್ದು ಎಂದು ಬರೆಯುವುದಿಲ್ಲ. ಅದನ್ನು ಹೊರಗೆ ಬಿಟ್ಟೆನಲ್ಲಾ ಎಂದು ನೆನೆದರೆ ಸೂಜಿಗೆ ದಾರ ಹೋಗುವುದಿಲ್ಲ. ಅವಳಿಗೂ ಲಿಂಕ್ ಕಳಿಸಿದ್ದೆ, ಹತ್ತೊಂಬತ್ತರಲ್ಲಿ ಅವಳೂ ಒಬ್ಬಳು. ಬಹುಮಾನದ ಸಮಾರಂಭಕ್ಕೆ ಎಂದು ಕೊಟ್ಟ ಬಟ್ಟೆ ಕಪಾಟಿನಲ್ಲಿ ಹಾಗೇ ಇದೆ. ಕತ್ತರಿಸುವ ಮುಂಚೆ ಒಮ್ಮೆ ಬಂದು ಹೋಗಿ ಅಂದಿದ್ದೆ, ಇಪ್ಪತ್ತು ದಿನವಾದರೂ ಬಂದಿಲ್ಲ. ನೋಡಿರಬಹುದೇ? ಅಥವಾ ಬರೀ ಕೆಲಸವೇ? ಕೇಳಲು ಹೋದರೆ, ನೋಡಿರದಿದ್ದವಳಿಗೆ ನಾನೇ ತೋರಿಸಿಕೊಟ್ಟ ಹಾಗಾಗುತ್ತದೆ. ಹೋಗದಿದ್ದರೆ ಕಳ್ಳಿಯ ಹಾಗೆ ಕೂತಿರಬೇಕು. ಯಾವ ಕಡೆ ತಿರುಗಿದರೂ ಗೋಡೆ.

ಆ್ಯಪನ್ನು ಮತ್ತೆ ಹಾಕಿದೆ. ಪಾಸ್‌ವರ್ಡ್ ಕೇಳಿತು. ಮರೆಯಬಾರದೆಂದು ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೆ. ಹುಡುಕಿದರೆ ಆ ಹಾಳೆಯೇ ಇಲ್ಲ, ಉದುರಿ ಎಲ್ಲಿ ಹೋಯಿತೋ. ಅದರ ಫೋಟೋ ಮಾತ್ರ ಆ ಆ್ಯಪಿನೊಳಗೆ ಇದೆ. ಅಂದರೆ ನನ್ನ ಮನೆಯ ಬೀಗದ ಕೈ ನನ್ನ ಹತ್ತಿರ ಇಲ್ಲ, ಊರಿನವರ ಹತ್ತಿರ ಇದೆ.

ನಗಬೇಡ.

ಅತ್ತಿಗೆ


ಜೂನ್ 24

ಅತ್ತಿಗೆ,

ನಗಲಿಲ್ಲ. ನಿಮ್ಮ ಕಾಗದ ನಿನ್ನೆ ಬಂತು. ನಿಮ್ಮನ್ನು ಕೇಳಿ ಉತ್ತರ ಬರುವವರೆಗೆ ಕಾಯಲು ಆಗಲಿಲ್ಲ, ಹಾಗಾಗಿ ನಾನೇ ಮಾಡಿಬಿಟ್ಟೆ.

ನನಗೆ ಕಳಿಸಿದ್ದ ಲಿಂಕನ್ನು ಮೊದಲ ಸಲ ತೆರೆದೆ. ಹೌದು, ಮೊದಲ ಸಲ. ಅವತ್ತು ನೋಡದೆಯೇ ಹೆಬ್ಬೆರಳೆತ್ತಿದ್ದೆ. ಬಂದ ಮೆಸೇಜಿಗೆಲ್ಲ ಹಾಗೆ ಮಾಡುವುದು ನನ್ನ ಚಾಳಿ. ಅವತ್ತೇ ತೆರೆದು ಒಂದು ಸಲ ಬೆರಳಾಡಿಸಿದ್ದರೆ ನನಗೇ ಗೊತ್ತಾಗುತ್ತಿತ್ತು, ಉಳಿದ ಹದಿನೆಂಟು ಜನಕ್ಕೆ ಹೋಗುತ್ತಿರಲಿಲ್ಲ. ಮೊದಲು ಬಂದದ್ದೇ ನನಗೆ.

ಇನ್ನೊಂದು ಸುಳ್ಳೂ ಇದೆ. ಆ ಆ್ಯಪನ್ನು ನಾನು ಬಳಸಿಯೇ ಇರಲಿಲ್ಲ. ಹುಡುಕಿದಾಗ ಮೇಲೆ ಬಂದದ್ದು, ಪುಕ್ಕಟೆ ಇದ್ದದ್ದು, ನಕ್ಷತ್ರ ಇದ್ದದ್ದು. ಮಾಡಿದವರು ಯಾರು, ಇಟ್ಟದ್ದನ್ನು ಎಲ್ಲಿಡುತ್ತಾರೆ, ಒಂದನ್ನೂ ನೋಡಲಿಲ್ಲ. ಅತ್ತಿಗೆ, ಲೈಬ್ರರಿಯ ಕಂಪ್ಯೂಟರಿನಲ್ಲಿ ನನಗೆ ಬರುವುದು ಒಂದೇ ಕೆಲಸ, ಪುಸ್ತಕ ಹೋಯಿತು, ಪುಸ್ತಕ ಬಂತು. ಕುರುಡ ಕುರುಡನ ಕೈ ಹಿಡಿದ ಹಾಗಾಯಿತು. ನೀವು ಮನೆಯಲ್ಲೆಲ್ಲ ‘ನಮ್ಮ ನಾದಿನಿಗೆ ಎಲ್ಲ ಗೊತ್ತು’ ಎಂದು ಹೇಳುವಾಗ ನನಗೆ ಹಿತವಾಗುತ್ತಿತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಶನಿವಾರದವರೆಗೆ ಕಾಯದೆ ಮೇಡಂ ಅವರನ್ನು ಲೈಬ್ರರಿಗೆ ಕರೆಸಿಕೊಂಡೆ. ಅವರಿಗೆ ಈ ಸಲ ‘ಗೆಳತಿ’ ಅನ್ನಲಿಲ್ಲ, ನನ್ನ ಅತ್ತಿಗೆ, ನನ್ನದೇ ತಪ್ಪು ಎಂದು ಹೇಳಿದೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಲೇಬಾರದು, ಹತ್ತು ಜನ ಕೂರುವ ಜಾಗ ಎಂದು ನನ್ನ ಫೋನಿನಲ್ಲೇ ಮಾಡಿಸಿದರು. ಕೊನೆಯ ಪುಟದಿಂದ ಪಾಸ್‌ವರ್ಡ್ ತೆಗೆದುಕೊಂಡು ಒಳಗೆ ಹೋದೆವು. ಹಂಚಿಕೆ ನಿಲ್ಲಿಸಿದೆ. ಗುಂಡಿ ಅಂಗಡಿಯಾಕೆಗೆ ಈಗ ನೋಡಲು ಹೇಳಿ, ಏನೂ ತೆರೆಯುವುದಿಲ್ಲ. ಪುಟಗಳನ್ನು ಅಳಿಸಿದೆ, ಕಸದಬುಟ್ಟಿ ಖಾಲಿ ಮಾಡಿದೆ, ಖಾತೆ ಮುಚ್ಚಿದೆ. ಅದೇ ಪಾಸ್‌ವರ್ಡನ್ನು ಬೇರೆ ಎಲ್ಲಾದರೂ ಇಟ್ಟಿದ್ದರೆ ಇವತ್ತೇ ಬದಲಾಯಿಸಿ. ಇಟ್ಟಿರುತ್ತೀರಿ, ನನಗೆ ಗೊತ್ತು.

ಮುಚ್ಚುವ ಮುಂಚೆ ಒಂದು ಸಂಖ್ಯೆ ಕಂಡಿತು. ಪುಸ್ತಕವನ್ನು ನಲವತ್ತೊಂದು ಸಲ ತೆರೆದಿದ್ದಾರೆ. ಹತ್ತೊಂಬತ್ತು ಜನ, ನಲವತ್ತೊಂದು ಸಲ. ಅವರವರೇ ಎರಡೆರಡು ಸಲ ನೋಡಿದರೋ, ಇನ್ನೊಬ್ಬರಿಗೆ ದಾಟಿಸಿದರೋ, ಫೋಟೋ ತೆಗೆದಿಟ್ಟುಕೊಂಡರೋ. ಮೇಡಂ ಕೂಡ, “ಅದು ಗೊತ್ತಾಗಲ್ಲ” ಎಂದರು. ‘ಗೊತ್ತಾಗಲ್ಲ’ ಎಂದು ಅಷ್ಟು ನಿರಾಳವಾಗಿ ಹೇಳುವವರನ್ನು ನಾನು ಮೊದಲ ಸಲ ನೋಡಿದೆ.

ಇನ್ನು ಹೇಳಲೇಬೇಕಾದದ್ದು. ಕೊನೆಯ ಪುಟಕ್ಕೆ ಹೋಗುವ ದಾರಿಯಲ್ಲಿ ಬೆರಳು ನಿಂತಿತು, ಓದಿದೆ. ನಿಮ್ಮೂರ ಶಾಲೆಯ ಡ್ರಿಲ್ ಟೀಚರಿನ ಪುಟ. ‘ಎದೆಯ ಎಡಕ್ಕೆ ಹತ್ತಿಯ ಮೆತ್ತೆ, ಅಸ್ತರಿನ ಒಳಗೆ. ಆಪರೇಷನ್ ಆದಮೇಲೆ. ಯಾರಿಗೂ ಗೊತ್ತಿಲ್ಲ.’ ನೀವು ಹೇಳಿದ ಪುಟ ಅದೇ ಎಂದು ತಿಳಿಯಿತು. ಓದಬಾರದಿತ್ತು, ಓದಿದೆ. ನನ್ನ ಪುಟವನ್ನೂ ಓದಿದೆ. ‘ಮೈ ಇಳಿದಿದೆ. ಒಬ್ಬಳೇ ಇದ್ದಾಳೆ, ಸರಿಯಾಗಿ ಉಣ್ಣುತ್ತಿಲ್ಲ ಅಂತ ಕಾಣುತ್ತೆ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ, ಮೈ ಹತ್ತಿದಾಗ ಬಿಚ್ಚಿಕೊಡಬೇಕು.’ ಲೈಬ್ರರಿಯಲ್ಲಿ ಕೂತು ಅತ್ತುಬಿಟ್ಟೆ. ಮೇಡಂ ಪಾಸ್‌ವರ್ಡ್ ತಪ್ಪಾಯಿತೇ ಎಂದು ಕೇಳಿದರು.

ನನ್ನ ಮಾತು ಕೇಳುವುದಾದರೆ, ಡ್ರಿಲ್ ಟೀಚರಿಗೆ ಹೇಳಬೇಡಿ. ಮುಚ್ಚಿ ಆಯಿತು. ಆರಿದ ಬೂದಿ ಕೆದಕುವುದು ಯಾಕೆ?

ನಿಮ್ಮ ನಾದಿನಿ


ಜುಲೈ 6

ನಾದಿನಿಗೆ,

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಎರಡು ದಿನ ಪ್ರಯತ್ನಪಟ್ಟೆ. ಬರಲಿಲ್ಲ. ನೀನು ಗೊತ್ತಿಲ್ಲದೆ ಹೇಳಿದೆ, ನಾನು ಗೊತ್ತಿಲ್ಲದೆ ಒತ್ತಿದೆ. ಇಬ್ಬರಲ್ಲಿ ಯಾರು ಜಾಣೆ ಎಂದು ನಿನ್ನ ಅಣ್ಣ ಕೇಳುತ್ತಿದ್ದಾನೆ. ಪಾಸ್‌ವರ್ಡ್ ಬದಲಾಯಿಸಿದೆ. ಮೂರು ಕಡೆ ಅದೇ ಇತ್ತು, ನೀನು ಹೇಳಿದ ಹಾಗೆ.

ನಿನ್ನ ಕೊನೆಯ ಮಾತನ್ನು ಮಾತ್ರ ಕೇಳಲಿಲ್ಲ. ಡ್ರಿಲ್ ಟೀಚರಿನ ಹತ್ತಿರ ಹೋದೆ.

ಮಧ್ಯಾಹ್ನ ಶಾಲೆಯಲ್ಲೇ ಸಿಕ್ಕಳು, ಆಟದ ಸಾಮಾನಿನ ಕೋಣೆಯಲ್ಲಿ. ಬಲೆಯ ಚೀಲದಲ್ಲಿ ಚೆಂಡು ತುಂಬುತ್ತಿದ್ದಳು. ಗಾಳಿ ಇಳಿದ ಚೆಂಡನ್ನು ಒಂದೊಂದಾಗಿ ಅಮುಕಿ ನೋಡಿ ಬೇರೆ ಇಡುತ್ತಿದ್ದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು. ಆ್ಯಪು, ಲಿಂಕು, ಒಪ್ಪಿಗೆ, ಯಾವುದನ್ನೂ ಸರಿಯಾಗಿ ಹೇಳಲು ಬರಲಿಲ್ಲ. ಕೊನೆಗೆ, “ನಿಮ್ಮ ಪುಟ ನನ್ನ ಕೈಯಿಂದ ಹೊರಗೆ ಹೋಗಿದೆ. ತಪ್ಪು ನಂದು” ಎಂದೆ.

“ನೋಡಿದೀನಿ” ಎಂದಳು.

“ಯಾವಾಗ?”

“ನೀವು ಕಳಿಸಿದ ದಿನಾನೇ.”

ನಾನು ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಯಾಕೆ ಹೇಳಲಿಲ್ಲ, ಬಂದು ಬೈಯಬಾರದಿತ್ತೇ ಎಂದು ಕೇಳಿದೆ. ಅವಳು ಚೆಂಡು ಅಮುಕುವುದನ್ನು ನಿಲ್ಲಿಸಲಿಲ್ಲ.

“ಬೈಯೋಕೆ ಅಂತಾನೇ ಹೊರಟಿದ್ದೆ. ಆದ್ರೆ ನನ್ನ ಪುಟ ನೋಡ್ದೆ, ಪಕ್ಕದ್ದೂ ನೋಡ್ದೆ. ಆಮೇಲೆ ಬಿಡೋಕಾಗ್ಲಿಲ್ಲ. ಎಲ್ಲಾ ಓದಿಬಿಟ್ಟೆ ಟೈಲರಕ್ಕ, ಒಂದೂ ಬಿಡದೆ. ನಮ್ಮ ಸ್ಟಾಫ್ ರೂಮಿನವರೇ ಆರು ಜನ ಇದಾರೆ ಅದರಲ್ಲಿ. ಅವರು ನಂದು ನೋಡಿದಾರೋ ಇಲ್ವೋ, ನಾನಂತೂ ಅವರದ್ದೆಲ್ಲಾ ನೋಡಿದೀನಿ. ಈಗ ಅವರ ಮುಖ ನೋಡಿ ಮಾತಾಡೋಕಾಗಲ್ಲ. ನಿಮ್ಮನ್ನ ಯಾವ ಬಾಯಲ್ಲಿ ಬೈಲಿ?”

 ಅವಳಿಗೆ ಅನ್ಯಾಯವಾಗಿದೆ ಎಂದು ನಾನು ಹೋದರೆ, ಅವಳೇ ತಪ್ಪಿತಸ್ಥೆಯ ಹಾಗೆ ತಲೆ ತಗ್ಗಿಸಿ ನಿಂತಿದ್ದಳು. ಚೀಲದಿಂದ ಪುಸ್ತಕ ತೆಗೆದೆ. ಅವಳ ಪುಟವನ್ನು ಅವಳ ಮುಂದೆಯೇ ಹರಿದು ಕೈಗೆ ಕೊಟ್ಟೆ. ಮಡಿಸಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಬಾಗಿಲಿಗೆ ಚಿಲಕ ಹಾಕಿ ಬಂದು, ಎರಡೂ ಕೈ ಅಗಲಿಸಿ ನನ್ನೆದುರು ನಿಂತಳು.

“ಟೇಪ್ ತಂದಿದೀರಲ್ಲ? ಅಳೀರಿ. ಬರೀಬೇಡಿ.”

ಅಳೆದೆ. ಬರೆಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಕಿವಿಯ ಮೇಲಿನ ಪೆನ್ಸಿಲ್ ಕಿವಿಯ ಮೇಲೆಯೇ ಉಳಿಯಿತು. ಹನ್ನೊಂದು ಸಂಖ್ಯೆಗಳನ್ನು ಜಪ ಮಾಡುತ್ತಾ ಮನೆಗೆ ನಡೆದೆ. ದಾರಿಯಲ್ಲಿ ಮಾತಾಡಿಸಿದವರಿಗೆಲ್ಲ ಕೈ ಬೀಸಿ ಮುಂದೆ ಹೋದೆ. ಟೈಲರಕ್ಕನಿಗೆ ಸೊಕ್ಕು ಬಂದಿದೆ ಎಂದು ಅಂದುಕೊಂಡಿರುತ್ತಾರೆ.

ಅವಳು ಕ್ಷಮಿಸಿದಳೋ, ಶಿಕ್ಷೆ ಕೊಟ್ಟಳೋ ನನಗೆ ತಿಳಿಯುತ್ತಿಲ್ಲ. ನಂಬಿಕೆ ಇದ್ದದ್ದಕ್ಕೆ ಅಳೆಯಿರಿ ಅಂದಳೋ, ಇಲ್ಲದ್ದಕ್ಕೆ ಬರೆಯಬೇಡಿ ಅಂದಳೋ? ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಳಲ್ಲ. ಮಿಕ್ಕವರ ಮನೆಗಳಿಗೂ ದಿನಕ್ಕೆ ಎರಡರಂತೆ ಹೋಗುತ್ತಿದ್ದೇನೆ. ಹತ್ತೊಂಬತ್ತು ಜನರ ಹತ್ತಿರ ಮಾತ್ರವಲ್ಲ, ಪುಸ್ತಕದಲ್ಲಿ ಇರುವವರ ಹತ್ತಿರವೆಲ್ಲ. ನಿನ್ನೆ ನರ್ಸಮ್ಮ ಬಾಗಿಲು ಹಾಕಿಕೊಂಡಳು. ಹಾಕಿಕೊಳ್ಳಲಿ, ಅವಳ ಹಕ್ಕು.

ಡ್ರಿಲ್ ಟೀಚರ್ ಇವತ್ತು ಅಂಗಿ ತೆಗೆದುಕೊಂಡು ಹೋಗಲು ಬಂದಿದ್ದಳು. ಪರದೆಯ ಹಿಂದೆ ಹಾಕಿಕೊಂಡು ನೋಡಿದಳು. ಎಡಗಡೆ ಸರಿಯಾಗಿ ಕೂತಿದೆ ಎಂದಳು. ಬಲಗಡೆ ಸೊಂಟದ ಹತ್ತಿರ ಒಂದು ಬೆರಳು ಸಡಿಲವಾಗಿತ್ತು. ಯಾವುದೋ ಒಂದು ಸಂಖ್ಯೆ ದಾರಿಯಲ್ಲಿ ತಪ್ಪಿಹೋಗಿರಬೇಕು. “ಇರ್ಲಿ ಬಿಡಿ, ಯಾರ್ ನೋಡ್ತಾರೆ” ಎಂದಳು. ಬಿಡಲಿಲ್ಲ. ಬಿಚ್ಚಿ, ಹಿಡಿದು, ಮತ್ತೆ ಹೊಲಿದೆ. ಮುಕ್ಕಾಲು ಗಂಟೆ ಹಿಡಿಯಿತು. ಸಂಜೆ ಬಂದು ಒಯ್ಯಿರಿ ಅಂದರೂ ಹೋಗದೆ, ಅಷ್ಟು ಹೊತ್ತೂ ನನ್ನ ಮಶೀನಿನ ಪಕ್ಕದ ಸ್ಟೂಲಿನ ಮೇಲೆ ಕೂತೇ ಇದ್ದಳು.

ಅತ್ತಿಗೆ